ಪಾಯ ತೋಡುವ ಮೊದಲು ಮನೆಯವರೆಲ್ಲ ಕೂತು ಮಾತಾಡ್ರಿ



ಕೊಳಗಲ್ಲು, ಕುರುಗೋಡು, ಸಿರುಗುಪ್ಪ ಭಾಗದ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಹೊಸ ಮನೆ ಕಟ್ಟುವ ವಿಷಯ ಬಂದಾಗ ಮೊದಲು ಸಾಲದ ಮಾತು, ಆಮೇಲೆ ಸಿಮೆಂಟು, ಕಬ್ಬಿಣ, ಮರಳಿನ ರೇಟಿನ ಮಾತು ಬರುತ್ತದೆ. ಮನೆಯೊಳಗೆ ಯಾವುದು ಎಲ್ಲಿ ಬರಬೇಕು ಎಂಬುದು ಮಾತ್ರ ಸಭೆಗೆ ಬರುವುದೇ ಇಲ್ಲ. ಅದನ್ನು ಮನೆಯ ಯಜಮಾನರೂ ಮೇಸ್ತ್ರಿಯೂ ಸೈಟಿನಲ್ಲಿ ನಿಂತುಕೊಂಡು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. "ಆ ಮನೆ ಹೆಂಗ ಐತೋ ಹಂಗೇ ಹಾಕಿಬಿಡಪ್ಪ" ಎಂದರೆ ನಕ್ಷೆ ಆಯಿತು. ಆ ಮನೆಯಲ್ಲಿ ದಿನಕ್ಕೆ ಹದಿನೈದು ತಾಸು ಕೆಲಸ ಮಾಡುವ ಹೆಣ್ಣುಮಗಳನ್ನು ಯಾರೂ ಕೇಳಿರುವುದಿಲ್ಲ. ಸಾಲ ಐದಾರು ವರ್ಷಕ್ಕೆ ತೀರಬಹುದು. ತಪ್ಪಾದ ಕಡೆ ಬಂದ ಬಚ್ಚಲು, ಗಾಳಿಯಾಡದ ಅಡುಗೆಮನೆ ಅವಳ ಜೀವಮಾನಪೂರ್ತಿ ಅಲ್ಲೇ ಇರುತ್ತವೆ. ಆದುದರಿಂದ ಈ ಸಲ ನಾವು ದುಡ್ಡಿನ ಲೆಕ್ಕ ಬಿಟ್ಟು ಜಾಗದ ಲೆಕ್ಕವನ್ನೇ ಬರೆಯುತ್ತಿದ್ದೇವೆ.

ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳನ್ನು ಯಾವ ಇಂಜಿನಿಯರೂ ಬರೆದುಕೊಟ್ಟದ್ದಲ್ಲ. ಅವಕ್ಕೆ ಅಂಕಣದ ಲೆಕ್ಕವಿತ್ತು, ಎರಡು ಕಂಬದ ನಡುವಿನ ಜಾಗ ಒಂದು ಅಂಕಣ. ಮುಂದೆ ಕಟ್ಟೆ, ಬಾಗಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ಜಾಗ ಮತ್ತು ಗೋದಲಿ, ಅದಕ್ಕಿಂತ ಎತ್ತರಕ್ಕೆ ಪಡಸಾಲೆ, ಹಿಂದೆ ನಡುಮನೆ, ಅಡುಗೆಮನೆ, ಮೂಲೆಗೆ ಬಚ್ಚಲು. ದಪ್ಪನೆಯ ಮಣ್ಣಿನ ಇಲ್ಲವೇ ಕಲ್ಲಿನ ಗೋಡೆ, ಮೇಲೆ ತೊಲೆ, ಜಂತೆ, ಮಣ್ಣು, ಮಳೆ ನೀರು ಇಳಿಯದ ಹಾಗೆ ಸವಳು ಮಣ್ಣಿನ ಪದರ. ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಇಂಥ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನವೂ ತಂಪಾಗಿ ಮಲಗಬಹುದಿತ್ತು. ಆದರೆ ಕತ್ತಲೆ, ಹೊಗೆ, ಸೊಳ್ಳೆ, ವರ್ಷವರ್ಷ ಮಾಳಿಗೆಗೆ ಮಣ್ಣು ಹೊರುವ ಕೆಲಸ ತಪ್ಪುತ್ತಿರಲಿಲ್ಲ. ಬಿಡದೆ ಮಳೆ ಹಿಡಿದರೆ ನೆನೆದ ಮಣ್ಣಿನ ಭಾರಕ್ಕೆ ಮನೆಯೇ ಕೂರುವ ಭಯ ಬೇರೆ.

ಆ ಭಯ 2009ರಲ್ಲಿ ನಿಜವಾಯಿತು. ಆ ವರ್ಷದ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ, ನೆರೆಗೆ ಉತ್ತರ ಕರ್ನಾಟಕದ ಉದ್ದಕ್ಕೂ ಮಣ್ಣಿನ ಮನೆಗಳು ಕುಸಿದವು. ನಮ್ಮ ಸಿರುಗುಪ್ಪ ತಾಲ್ಲೂಕೂ ಬಹಳ ನೊಂದಿತು. ಆಮೇಲೆ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಬಡಾವಣೆಗಳು ಎದ್ದವು. ಸೂರು ಗಟ್ಟಿಯಾಯಿತು, ಅದು ಸಣ್ಣ ಮಾತಲ್ಲ. ಆದರೆ ಸಾಲಾಗಿ ಒಂದೇ ಅಳತೆಯ ಮನೆಗಳಲ್ಲಿ ಎಮ್ಮೆ ಎಲ್ಲಿ ಕಟ್ಟೋದು, ಮೇವು ಎಲ್ಲಿ ಒಟ್ಟೋದು, ಕಾಳಿನ ಚೀಲ ಎಲ್ಲಿ ಇಡೋದು ಎಂಬ ಪ್ರಶ್ನೆಗೆ ಹಲವು ಕಡೆ ಉತ್ತರವಿರಲಿಲ್ಲ. ಮನೆ ಇಟ್ಟುಕೊಂಡೂ ಹಳೇ ಊರಿಗೆ ದಿನಾ ಓಡಾಡಿದವರಿದ್ದಾರೆ. ತರಾತುರಿಯ ಪುನರ್ವಸತಿಯಲ್ಲಿ ಹೀಗಾದದ್ದನ್ನು ಒಪ್ಪಬಹುದು. ಸ್ವಂತ ಸೈಟಿನಲ್ಲಿ ಸ್ವಂತ ದುಡ್ಡು ಹಾಕುವ ನಾವೂ ಹಾಗೇ ಮಾಡುವುದು ಯಾಕೆ?

ಈಗ ಅಳತೆಗೆ ಬರೋಣ. 30 ಅಡಿ ಅಗಲ, 40 ಅಡಿ ಉದ್ದದ ಸೈಟು, ಅದರಲ್ಲಿ 20 ಅಡಿಗೆ 30 ಅಡಿ ಮನೆ ಎಂದು ಇಟ್ಟುಕೊಳ್ಳಿ. "ಆರು ಚದರದ ಮನೆ" ಎನ್ನುತ್ತೇವೆ, ಅಂದರೆ 600 ಚದರ ಅಡಿ. ಆದರೆ ಸುತ್ತಲಿನ 9 ಇಂಚಿನ ಗೋಡೆಯೇ ಸುಮಾರು 73 ಚದರ ಅಡಿ ತಿನ್ನುತ್ತದೆ. ಒಳಗೆ ಉಳಿಯುವುದು 527. ನಡುವೆ ಅಡ್ಡಗೋಡೆ ಹಾಕಿದಷ್ಟೂ ಅದೂ ಕರಗುತ್ತದೆ. ಬಳ್ಳಾರಿ ಪೇಟೆಯ ನಕ್ಷೆ ನೋಡಿ ಹಾಲು, ಎರಡು ಬೆಡ್‌ರೂಮು, ಡೈನಿಂಗು, ಒಳಗೊಂದು ಓಣಿ ಎಲ್ಲ ಬೇಕೆಂದರೆ ಮಂಚ ಹಾಕಿದ ಮೇಲೆ ಬಾಗಿಲು ಪೂರ್ತಿ ತೆರೆಯದ ಕೋಣೆಗಳಾಗುತ್ತವೆ. ಸರ್ಕಾರದ ಯೋಜನೆಯ ಮನೆಯಾದರಂತೂ ಜಾಗ ಇನ್ನೂ ಬಿಗಿ. ಇಂದಿರಾ ಆವಾಸ್ ಬದಲಿಗೆ 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ ಎಂದಿದೆ. ಇಷ್ಟರಲ್ಲಿ ಮೂರು ಕೋಣೆ ಮಾಡಲು ಹೊರಟರೆ ಮೂರೂ ಗೂಡುಗಳಾಗುತ್ತವೆ. ಒಂದು ದೊಡ್ಡ ಪಡಸಾಲೆ, ಒಂದು ಮಲಗುವ ಕೋಣೆ, ಅಡುಗೆಗೆ ಒಂದು ಕಡೆ ಇಷ್ಟೇ ಸಾಕು ಎಂಬುದು ನಮ್ಮ ಅಭಿಪ್ರಾಯ.

ಕೋಣೆಗಳನ್ನು ಎಣಿಸುವ ಮೊದಲು ಮನೆಮಂದಿಯನ್ನು, ಅವರ ದಿನಚರಿಯನ್ನು ಎಣಿಸಿರಿ. ಉದಾಹರಣೆಗೆ ಗಂಡ ಹೆಂಡತಿ, ಮೊಣಕಾಲು ನೋವಿನ ಅಜ್ಜಿ, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ, ಒಂದು ಎಮ್ಮೆ, ಒಂದು ಬೈಕು. ಅಜ್ಜಿ ರಾತ್ರಿ ಮೂರು ಸಲ ಏಳುತ್ತಾಳೆ. ಆದ್ದರಿಂದ ಆಕೆ ಮಲಗುವಲ್ಲಿಂದ ಪಾಯಖಾನೆಗೆ ಮೆಟ್ಟಿಲಿಲ್ಲದ ದಾರಿ ಬೇಕು, ಆ ಬಾಗಿಲು ಎರಡೂವರೆ ಅಡಿಗಿಂತ ಕಡಿಮೆ ಇರಬಾರದು, ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿ ಬೇಕು. ಮಗಳು ಸ್ನಾನ ಮಾಡಿ ಪಡಸಾಲೆಯಲ್ಲಿ ಕೂತ ಗಂಡಸರ ಮುಂದೆ ಹಾದು ಬರಬೇಕಾದರೆ ಬಚ್ಚಲಿನ ಬಾಗಿಲು ತಪ್ಪು ಕಡೆ ಐತೆ ಅಂತ ಅರ್ಥ. ಮಗ ಓದಲು ಕಿಟಕಿ ಪಕ್ಕ ಎರಡು ಅಡಿ ಅಗಲದ ಕಡಪ ಕಲ್ಲಿನ ಹಲಗೆ ಸಾಕು, ಬೇರೆ ಕೋಣೆ ಬೇಡ. ಹೆಂಡತಿ ಜೀನ್ಸ್ ಹೊಲಿಗೆಯ ಕೆಲಸ ತಂದು ಮಾಡುವವಳಾದರೆ (ಬಳ್ಳಾರಿ ಸುತ್ತ ಇಂಥ ಮನೆಗಳು ಬೇಕಾದಷ್ಟಿವೆ) ಮಿಷಿನ್ನಿಗೆ ಎಡಗಡೆಯಿಂದ ಬೆಳಕು ಬೀಳುವ ಕಿಟಕಿ, ಅದರ ಹತ್ತಿರವೇ ಒಂದು ಪ್ಲಗ್ ಪಾಯಿಂಟು, ಬಟ್ಟೆಯ ಗಂಟು ಇಡಲು ಮೂರು ಅಡಿ ಜಾಗ ಬೇಕು. ಇದು ಮನೆಗೆ ದುಡಿಮೆ ತರುವ ಜಾಗ, ಶೋಕೇಸಿಗಿಂತ ಮೊದಲು ಇದನ್ನು ಗುರುತಿಸಿರಿ. ಮೆಣಸಿನಕಾಯಿ ಬೆಳೆಯುವವರು ಚೀಲಗಳನ್ನು ಮಲಗುವ ಕೋಣೆಯಲ್ಲಿ ಒಟ್ಟಿಕೊಂಡು ಘಾಟಿಗೆ ಮಕ್ಕಳು ರಾತ್ರಿಯೆಲ್ಲ ಕೆಮ್ಮುವುದನ್ನು ನಾವು ಕಂಡಿದ್ದೇವೆ. ಹೊರಗಿನಿಂದಲೇ ಬಾಗಿಲಿರುವ 6 ಅಡಿಗೆ 8 ಅಡಿಯ ಒಂದು ಉಗ್ರಾಣವಿದ್ದರೆ ಈ ಕಷ್ಟವಿಲ್ಲ.

ಬಳ್ಳಾರಿಯ ಬಿಸಿಲು ನಿಮಗೆ ನಾವು ಹೇಳಬೇಕಾದದ್ದೇನಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮಣ್ಣಿನ ಮಾಳಿಗೆ ಹೋಗಿ ಆರ್.ಸಿ.ಸಿ. ಬಂದ ಮೇಲೆ ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹನ್ನೊಂದರ ತನಕ ಒಳಗೆ ಸೆಕೆ ಬಿಡುತ್ತದೆ. ಅದಕ್ಕೇ ಮನೆಯ ಪಶ್ಚಿಮ ಮಗ್ಗುಲಿಗೆ ಯಾವುದನ್ನು ಇಡುತ್ತೀರಿ ಎಂಬುದು ಮುಖ್ಯ. ಮಧ್ಯಾಹ್ನದ ಮೇಲಿನ ಓರೆ ಬಿಸಿಲು ಬಡಿಯುವುದು ಆ ಗೋಡೆಗೆ. ಮೆಟ್ಟಿಲು, ಬಚ್ಚಲು, ಉಗ್ರಾಣ ಆ ಕಡೆ ಬಂದರೆ ಅವೇ ಒಳಗಿನ ಕೋಣೆಗಳಿಗೆ ನೆರಳಾಗುತ್ತವೆ. ಮಲಗುವ ಕೋಣೆ ಪೂರ್ವಕ್ಕೋ ಉತ್ತರಕ್ಕೋ ಇರಲಿ. ಮುಂಗಾರಿನ ಗಾಳಿ ನೈಋತ್ಯ, ಪಶ್ಚಿಮದಿಂದ ಬರುತ್ತದೆ. ಆ ಕಡೆ ಒಂದು ಸಣ್ಣ ಕಿಟಕಿ, ಎದುರು ಗೋಡೆಯಲ್ಲಿ ಇನ್ನೊಂದು ಕಿಟಕಿ ಇದ್ದರೆ ಗಾಳಿ ಹಾದುಹೋಗುತ್ತದೆ. ಒಂದೇ ಗೋಡೆಗೆ ಎರಡು ಕಿಟಕಿ ಇಟ್ಟರೆ ಗ್ರಿಲ್ಲಿನ ಖರ್ಚು ಬರುತ್ತದೆ, ಗಾಳಿ ಬರುವುದಿಲ್ಲ. ಎಲ್ಲ ಕಿಟಕಿಗೂ ಸಜ್ಜಾ ಹಾಕಿಸಿರಿ. ಬೇಸಿಗೆ ಬರುವ ಮುಂಚೆ ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ ಬಳಿದರೂ ಒಳಗಿನ ಸೆಕೆ ಎಷ್ಟೋ ಇಳಿಯುತ್ತದೆ.

ಇಷ್ಟಾದರೂ ಬೇಸಿಗೆಯಲ್ಲಿ ನಾವು ಮಲಗುವುದು ಮಾಳಿಗೆ ಮೇಲೆಯೇ. ಹಾಗಿದ್ದ ಮೇಲೆ ಮೆಟ್ಟಿಲನ್ನು "ಆಮೇಲೆ ನೋಡಿಕೊಂಡರಾಯ್ತು, ಸದ್ಯಕ್ಕೆ ಏಣಿ" ಎಂದು ಬಿಡುವುದು ಸರಿಯಲ್ಲ. ಹತ್ತು ಅಡಿ ಎತ್ತರಕ್ಕೆ 7 ಇಂಚಿನ ಮೆಟ್ಟಿಲು ಹದಿನೇಳು ಹದಿನೆಂಟು ಬೇಕು. ನಡುವೆ ತಿರುವು ಕೊಟ್ಟರೆ 10 ಅಡಿ ಉದ್ದ, 6 ಅಡಿ ಅಗಲದ ಜಾಗ ಹಿಡಿಯುತ್ತದೆ. ಅದನ್ನು ಹೊರಗಡೆಯೇ ಇಡಿ. ಮುಂದೆ ಮಗನ ಸಂಸಾರ ಮೇಲೆ ಬಂದರೂ ಕೆಳಗಿನವರ ಪಡಸಾಲೆ ದಾಟಿ ಹೋಗಬೇಕಾಗಿಲ್ಲ. ಮೆಟ್ಟಿಲ ಕೆಳಗೆ ಬೈಕೋ, ಸೌದೆಯೋ ಹಿಡಿಯುತ್ತದೆ.

ಅಡುಗೆಮನೆಯ ವಿಷಯದಲ್ಲಿ ಹೆಣ್ಣುಮಕ್ಕಳ ಮಾತೇ ಕೊನೆಯ ಮಾತಾಗಬೇಕು. ಗ್ಯಾಸ್ ಬಂದ ಮೇಲೆ ಎಲ್ಲರೂ ನಿಂತು ಅಡುಗೆ ಮಾಡುವ ಕಟ್ಟೆ ಹಾಕಿಸುತ್ತಾರೆ, ಒಳ್ಳೆಯದೇ. ಆದರೆ ಜೋಳದ ರೊಟ್ಟಿ ಬಡಿಯುವುದು ಹೆಚ್ಚಿನ ಮನೆಗಳಲ್ಲಿ ಇಂದಿಗೂ ನೆಲದ ಮೇಲೆ ಕೂತೇ. 7 ಅಡಿಗೆ 7 ಅಡಿ ಅಡುಗೆಮನೆಯಲ್ಲಿ ಎರಡು ಕಡೆ ಕಟ್ಟೆ ಹಾಕಿ, ಫ್ರಿಜ್ಜೂ ಇಟ್ಟರೆ ಕಾಲು ಮಡಚಿ ಕೂರಲು ಜಾಗವೇ ಇಲ್ಲ. ರೊಟ್ಟಿ ಒಲೆಗೆ, ಸ್ನಾನದ ಹಂಡೆಗೆ ಹಿತ್ತಲಲ್ಲಿ ನಾಲ್ಕು ಅಡಿ ಅಗಲದ ಒಂದು ತಗಡಿನ ಚಪ್ಪರ ಬಿಟ್ಟರೆ ಒಳಗೆ ಹೊಗೆಯಿಲ್ಲ, ಸೌದೆಯೂ ಅಲ್ಲೇ ಇರುತ್ತದೆ. ಅಡುಗೆಮನೆಯಿಂದ ಆ ಚಪ್ಪರಕ್ಕೆ ನೇರ ಬಾಗಿಲು ಇರಬೇಕು. ತುಂಬಿದ ಕೊಡ ಹೊತ್ತು ಮುಂದಿನ ಬಾಗಿಲಿನಿಂದ ಸುತ್ತಿ ಬರುವ ಮನೆಗಳನ್ನು ನೋಡಿದರೆ, ನಕ್ಷೆ ಹಾಕಿದವರು ಒಮ್ಮೆಯೂ ನೀರು ಹೊತ್ತಿಲ್ಲ ಎಂಬುದು ತಿಳಿದುಬಿಡುತ್ತದೆ.

ನೀರು ಬೀಳುವ ಜಾಗಗಳನ್ನು ಒಂದೇ ಸಾಲಿಗೆ ತನ್ನಿರಿ. ಅಡುಗೆಮನೆ, ಬಚ್ಚಲು, ಪಾಯಖಾನೆ ಬೆನ್ನಿಗೆ ಬೆನ್ನು ಇದ್ದರೆ ಪೈಪು ಉಳಿಯುತ್ತದೆ. ಆದರೆ ನಮ್ಮ ಕಡೆ ಇದಕ್ಕೆ ಪೈಪಿಗಿಂತ ದೊಡ್ಡ ಕಾರಣ ಎರೆ ಮಣ್ಣು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮನೆಯ ಒಂದು ಮೂಲೆ ಬಚ್ಚಲ ನೀರಿಗೆ ಸದಾ ತೇವವಾಗಿದ್ದು ಇನ್ನೊಂದು ಮೂಲೆ ಒಣಗಿದ್ದರೆ ಗೋಡೆ ಓರೆಯಾಗಿ ಸೀಳುತ್ತದೆ. ಎರೆ ಭೂಮಿಯವರು ಪಾಯವನ್ನು ಗಟ್ಟಿ ಗರಸು ಸಿಗುವ ತನಕ ಇಳಿಸಬೇಕು, ಪಾಯದ ಮೇಲೆ ಸುತ್ತಲೂ ಕಾಂಕ್ರೀಟ್ ಬೀಮು ಕಟ್ಟಿಸಬೇಕು. ಜೊತೆಗೆ ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲದೆ ದೂರ ಹರಿಯುವ ಹಾಗೆ ನಕ್ಷೆಯಲ್ಲೇ ಮೋರಿ ಗುರುತಿಸಬೇಕು. ಎರೆಯಲ್ಲಿ ಇಂಗುಗುಂಡಿ ಬೇಗ ನೀರು ಹೀರುವುದಿಲ್ಲ. ಆ ನೀರನ್ನು ಹಿತ್ತಲಿನ ಬಾಳೆ, ನುಗ್ಗೆ, ಕರಿಬೇವಿಗೆ ತಿರುಗಿಸುವುದು ಲೇಸು, ಮರಗಳು ಮಾತ್ರ ಗೋಡೆಗೆ ಹತ್ತಿರ ಬೇಡ. ಪಾಯಖಾನೆಗೆ ಎರಡು ಗುಂಡಿಯಿರಲಿ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಬಹುದು. ಎರಡರ ನಡುವೆ ಕನಿಷ್ಠ ಮೂರು ಅಡಿ ಅಂತರ ಬೇಕು. ಬೋರು, ಬಾವಿ ಇದ್ದರೆ ಗುಂಡಿಗಳು ಅದರಿಂದ ಆದಷ್ಟು ದೂರ.

ಹಳೇ ಊರೊಳಗೆ ಗೋಡೆಗೆ ಗೋಡೆ ಹತ್ತಿದ ಉದ್ದನೆಯ ಜಾಗದವರಿಗೆ ಇದೆಲ್ಲ ಪೂರ್ತಿ ಹೊಂದುವುದಿಲ್ಲ. ಅವರಿಗೆ ಗಾಳಿ ಬೆಳಕು ಮುಂದೆ, ಹಿಂದೆ ಮಾತ್ರ. ಅಂಥವರು ನಡುವೆ 4 ಅಡಿಗೆ 6 ಅಡಿ ಜಾಗವನ್ನು ಆಕಾಶಕ್ಕೆ ತೆರೆದು ಮೇಲೆ ಗ್ರಿಲ್ ಹಾಕಿಸಿದರೆ ಹಳೇ ಬೆಳಕಿಂಡಿಯ ಕೆಲಸ ಅದು ಮಾಡುತ್ತದೆ. 24 ಚದರ ಅಡಿ ದಂಡವಾಯಿತೆಂದು ಮೇಸ್ತ್ರಿ ಗೊಣಗಬಹುದು. ಹಗಲಲ್ಲೂ ಲೈಟು ಹಾಕಿಕೊಂಡು ಕೂರುವ ನಡುಮನೆಗಿಂತ ಅದು ಮೇಲು.

ವಾಸ್ತುವಿನ ಬಗ್ಗೆ ಕೇಳುತ್ತೀರಿ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಯಾರ ನಂಬಿಕೆಯನ್ನೂ ನಾವು ಹೀಗಳೆಯುವುದಿಲ್ಲ. ಆಗ್ನೇಯಕ್ಕೆ ಅಡುಗೆಮನೆ ಎಂದರೆ ಬೆಳಗಿನ ಬಿಸಿಲು ಬೀಳುತ್ತದೆ, ಮುಂಗಾರು ಗಾಳಿ ಹೊಗೆಯನ್ನು ಮನೆಯೊಳಗೆ ನುಗ್ಗಿಸುವುದಿಲ್ಲ. ಆದರೆ ವಾಸ್ತುವಿಗಾಗಿ ಕಟ್ಟಿದ ಗೋಡೆ ಒಡೆಸಿ ಬಾಗಿಲು ತಿರುಗಿಸಲು ಬಡ್ಡಿ ಸಾಲ ತರಬೇಡಿ. ನಮ್ಮ ಕ್ರೈಸ್ತ ಕುಟುಂಬಗಳು ಪಡಸಾಲೆಯಲ್ಲಿ ಪೀಠಕ್ಕೆ ಜಾಗ ಗುರುತಿಸುವಾಗ ಅದರ ಮುಂದೆ ಮನೆಯವರೆಲ್ಲ ಚಾಪೆ ಹಾಸಿ ಜಪಸರಕ್ಕೆ ಕೂರುವಷ್ಟು ನೆಲ ಬಿಡಲಿ. ಎಷ್ಟೋ ಮನೆಗಳಲ್ಲಿ ಆ ಜಾಗಕ್ಕೆ ಸೋಫಾ ಬಂದು ಕೂತಿದೆ.

ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತು ಲೆಕ್ಕ ಹಾಕುವ ಸಾಮತಿಯನ್ನು ಲೂಕನ ಶುಭಸಂದೇಶದಲ್ಲಿ ಕೇಳಿದ್ದೇವೆ. ದುಡ್ಡು ಸಾಲದಿದ್ದರೆ ನಕ್ಷೆಯನ್ನು ಪೂರ್ತಿ ಹಾಕಿ, ಮನೆಯನ್ನು ಅರ್ಧ ಕಟ್ಟಿರಿ. ಮುಂದೆ ಕೋಣೆ ಬರುವ ಕಡೆ ಗೋಡೆಯಲ್ಲಿ ಈಗಲೇ ಲಿಂಟಲ್ ಕೂರಿಸಿ, ಕೆಳಗೆ ಸುಮ್ಮನೆ ಇಟ್ಟಿಗೆ ತುಂಬಿಸಿದರೆ ನಾಳೆ ಬಾಗಿಲು ತೆಗೆಯುವಾಗ ಗೋಡೆ ಅಲುಗುವುದಿಲ್ಲ. ಮೇಲಕ್ಕೆ ಬಿಟ್ಟ ಕಂಬದ ಸರಳುಗಳು ಮಳೆಗೆ ತುಕ್ಕು ಹಿಡಿಯದಂತೆ ತೆಳು ಕಾಂಕ್ರೀಟ್ ಮೆತ್ತಿಸಿರಿ.

ಕಾಗದದ ಮೇಲಿನ ಗೆರೆ ಎಲ್ಲರಿಗೂ ಅರ್ಥವಾಗುವುದಿಲ್ಲ. ಆದುದರಿಂದ ಪಾಯಕ್ಕೆ ಪೂಜೆಯನ್ನೋ ಪ್ರಾರ್ಥನೆಯನ್ನೋ ಮಾಡುವ ವಾರದ ಮೊದಲು ಸೈಟಿನಲ್ಲಿ ಸುಣ್ಣದ ಪುಡಿಯಿಂದ ಗೋಡೆಗಳ ಗೆರೆ ಎಳೆಯಿರಿ, ಬಾಗಿಲಿನ ಕಡೆ ಗೆರೆ ಬಿಡಿ. ಒಂದು ಮಂಚ, ಒಂದು ಚಾಪೆ, ಹೊಲಿಗೆ ಮಿಷಿನ್ನು, ನಾಲ್ಕು ಚೀಲ ಹೊತ್ತು ತಂದು ಅವುಗಳ ಜಾಗದಲ್ಲಿಟ್ಟು ನೋಡಿರಿ. ಅಜ್ಜಿಯನ್ನು ಹಾಸಿಗೆಯಿಂದ ಪಾಯಖಾನೆಯ ಗೆರೆಯ ತನಕ ನಡೆಸಿರಿ. ಅಡುಗೆಮನೆಯ ಗೆರೆಯೊಳಗೆ ತಾಯಂದಿರು ರೊಟ್ಟಿ ಬಡಿಯುವ ಹಾಗೆ ಕೂತು, ಎದ್ದು, ಕೊಡ ಹಿಡಿದು ತಿರುಗಲಿ. ಮಧ್ಯಾಹ್ನ ನಾಲ್ಕಕ್ಕೆ ಹೋಗಿ ಬಿಸಿಲು ಯಾವ ಗೆರೆಯ ಮೇಲೆ ಬೀಳುತ್ತದೆ ನೋಡಿರಿ. "ಇಲ್ಲಿ ಸಾಲಂಗಿಲ್ಲ" ಎಂದು ಯಾರಾದರೂ ಅಂದರೆ ಪೊರಕೆಯಿಂದ ಆ ಗೆರೆ ಅಳಿಸಿ ಇನ್ನೊಂದು ಎಳೆಯಲು ಒಂದು ಸೇರು ಸುಣ್ಣ ಸಾಕು. ಎಲ್ಲರೂ ಒಪ್ಪಿದ ಮೇಲೆ ಟೇಪು ಹಿಡಿದು ಅಳತೆ ಬರೆದುಕೊಂಡು, ಒಂದು ಪ್ರತಿ ಮೇಸ್ತ್ರಿಗೆ ಕೊಟ್ಟು, ಇನ್ನೊಂದನ್ನು ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಇಟ್ಟುಬಿಡಿ. ಕೆಲಸ ನಡೆಯುವಾಗ ಬಾಗಿಲು ಕಿಟಕಿ ಸರಿದಿದೆಯೇ ಎಂದು ಗೋಡೆ ಮೊಣಕಾಲೆತ್ತರ ಇರುವಾಗಲೇ ಅವರು ಹೋಗಿ ಅಳೆದು ನೋಡಲಿ.