ಹನ್ನೆರಡು ಕಿಲೋಮೀಟರ್ ಓಡಿದ ತುಂಗಾ

ಶೃಂಗೇರಿಯ ಮಠದ ಮುಂದಿನ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕುವ ಮಕ್ಕಳಿಗೆ ತುಂಗೆ ಎಂದರೆ ಹೊಳೆ. ಆ ಹೊಳೆ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನು ಹಾದುಹೋಗುತ್ತದೆ. ಮುಂದೆ ಕೂಡಲಿಯಲ್ಲಿ, ನರಸಿಂಹರಾಜಪುರದ ಕಡೆಯಿಂದ ಬರುವ ಭದ್ರೆಯನ್ನು ಕೂಡಿಕೊಂಡು ದಾವಣಗೆರೆ ಜಿಲ್ಲೆಯ ಹರಿಹರ ತಲುಪುತ್ತದೆ. ಆ ಜಿಲ್ಲೆಯ ಪೊಲೀಸರಿಗೆ ಮಾತ್ರ ತುಂಗಾ ಎಂದರೆ ಇನ್ನೊಂದು ನೆನಪು. ಅದು ಅವರ ಶ್ವಾನದಳದಲ್ಲಿದ್ದ ಡಾಬರ್‌ಮನ್ ಜಾತಿಯ ಹೆಣ್ಣುನಾಯಿಯ ಹೆಸರು. ಹಲವು ಕೊಲೆ, ಕಳವು ಪ್ರಕರಣಗಳಿಗೆ ಸುಳಿವು ಕೊಟ್ಟ ತುಂಗಾ 2022ರಲ್ಲಿ ತೀರಿಕೊಂಡಿತು.

2020ರ ಜುಲೈ ತಿಂಗಳು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸಮೀಪ ಒಬ್ಬ ವ್ಯಕ್ತಿಯ ಶವ ಸಿಕ್ಕಿತು. ಗುಂಡು ಹಾರಿಸಿ ಕೊಂದಿದ್ದರು. ಕೊಂದವರು ಯಾರೆಂಬುದು ತಿಳಿದಿರಲಿಲ್ಲ. ಸ್ಥಳಕ್ಕೆ ಬಂದ ತುಂಗಾ ನೆಲ ಮೂಸಿತು, ಹೊರಟಿತು. ಸುಮಾರು ಹನ್ನೆರಡು ಕಿಲೋಮೀಟರ್ ಸಾಗಿ ಕಾಶೀಪುರ ತಾಂಡಾದ ಒಂದು ಮನೆಯ ಮುಂದೆ ನಿಂತಿತು. ಅಲ್ಲಿ ಸಿಕ್ಕಿದವನನ್ನು ವಿಚಾರಿಸಿದಾಗ ಪ್ರಕರಣದ ಗಂಟು ಬಿಚ್ಚಿಕೊಂಡಿತು. ಆಗಿನ ಎಡಿಜಿಪಿ ಅಮರ್‌ಕುಮಾರ್ ಪಾಂಡೆ ಅವರು ದಾವಣಗೆರೆಗೆ ಬಂದು ತುಂಗಾಗೆ ಹಾರ ಹಾಕಿ ಗೌರವಿಸಿದರು.

ನಾಯಿ ಓಡಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಅಂಥ ಓಟದಲ್ಲಿ ನಾಯಿಯ ಜೊತೆ ಮನುಷ್ಯನೂ ಓಡಬೇಕು ಎಂಬುದು ಎಷ್ಟು ಜನರ ಗಮನಕ್ಕೆ ಬಂದೀತು?

ಹಗ್ಗದ ಇನ್ನೊಂದು ತುದಿ

ಪೊಲೀಸ್ ನಾಯಿಯನ್ನು ನೋಡಿಕೊಳ್ಳುವವರಿಗೆ ಇಲಾಖೆಯಲ್ಲಿ ಹ್ಯಾಂಡ್ಲರ್ ಎನ್ನುತ್ತಾರೆ. ನಾಯಿ ಮರಿಯಾಗಿದ್ದಾಗಲೇ ಅವರ ಕೈಗೆ ಬರುತ್ತದೆ. ತರಬೇತಿ ಇಬ್ಬರಿಗೂ ಒಟ್ಟಿಗೇ. ಅದರ ಊಟ, ಸ್ನಾನ, ವ್ಯಾಯಾಮ, ಔಷಧಿ ಎಲ್ಲ ಅವರದೇ ಹೊಣೆ. ಹೊಡೆದು ಬಡಿದು ಈ ವಿದ್ಯೆ ಕಲಿಸಲಾಗದು. ಹುಡುಕಿದ ವಸ್ತು ಸಿಕ್ಕರೆ ಒಂದು ಚೆಂಡು, ಬೆನ್ನ ಮೇಲೊಂದು ತಟ್ಟು, 'ಶಹಭಾಸ್' ಎಂಬ ಮಾತು. ನಾಯಿಗೆ ಅಷ್ಟೇ ಸಂಬಳ. ಅಪರಾಧಿ ಯಾರು, ಕಾನೂನು ಯಾವುದು ಎಂಬುದು ಅದಕ್ಕೆ ಗೊತ್ತಿಲ್ಲ. ತನ್ನವರು ಮೆಚ್ಚಲಿ ಎಂದು ದುಡಿಯುತ್ತದೆ.

ಅದರ ಮೂಗಿನ ಶಕ್ತಿ ಮಾತ್ರ ಅಸಾಧಾರಣ. ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಸುಮಾರು 50-60 ಲಕ್ಷ ಎಂದು ಅಂದಾಜು. ಕೆಲವು ಜಾತಿಯ ನಾಯಿಗಳಲ್ಲಿ ಅವು 30 ಕೋಟಿಯವರೆಗೆ ಇರುತ್ತವೆ. ನಮ್ಮ ಮೈಯಿಂದ ಪ್ರತಿ ನಿಮಿಷವೂ ಸಾವಿರಾರು ಚರ್ಮದ ಕಣಗಳು ಉದುರುತ್ತಿರುತ್ತವೆ. ಕಣ್ಣಿಗೆ ಕಾಣದ ಆ ಪುಡಿಯೇ ನಾಯಿಗೆ ದಾರಿ. ನೆಲ ತುಸು ತೇವವಾಗಿದ್ದರೆ ವಾಸನೆ ನಿಲ್ಲುತ್ತದೆ. ಮಲೆನಾಡಿನ ಆಷಾಢದಂಥ ಜಡಿಮಳೆಯಲ್ಲಿ ತೊಳೆದುಹೋಗುತ್ತದೆ, ಸುಡುಬಿಸಿಲಿನಲ್ಲಿ ಆರಿಹೋಗುತ್ತದೆ.

ಇಲ್ಲಿಯೇ ಹ್ಯಾಂಡ್ಲರ್‌ನ ಜಾಣ್ಮೆ ಬೇಕಾಗುವುದು. ನಾಯಿ ತಲೆಯೆತ್ತಿ ನಿಂತರೆ ವಾಸನೆ ತಪ್ಪಿತೇ? ಹಿಂದಿರುಗಿ ನೋಡಿದರೆ ಅನುಮಾನವೇ? ಬಾಲದ ಅಲುಗಾಟ ಬದಲಾದರೆ ಹತ್ತಿರ ಬಂದೆವೇ? ಇದನ್ನು ಓದುವುದು ಪುಸ್ತಕದಿಂದ ಬರುವುದಿಲ್ಲ, ವರ್ಷಗಟ್ಟಲೆ ಜೊತೆಗಿದ್ದರೆ ಮಾತ್ರ ಬರುತ್ತದೆ. ತಾನೇ ಯಾರ ಮೇಲೋ ಸಂಶಯಪಟ್ಟು ಹಗ್ಗವನ್ನು ಒಂದಿಷ್ಟು ಆ ಕಡೆಗೆ ಎಳೆದರೂ ಸಾಕು, ಮೆಚ್ಚಿಸುವ ಆಸೆಯಿಂದ ನಾಯಿ ಆ ಕಡೆಗೇ ಹೋದೀತು. ನಿರಪರಾಧಿಯ ಮನೆ ಬಾಗಿಲಲ್ಲಿ ನಿಂತೀತು.

ಕಟಕಟೆಗೆ ಬರಲಾಗದ ಸಾಕ್ಷಿ

ನ್ಯಾಯಾಲಯಗಳು ಎಚ್ಚರ ವಹಿಸಿರುವುದೂ ಇದಕ್ಕಾಗಿಯೇ. ನಾಯಿ ತೋರಿಸಿದ ಮಾತ್ರಕ್ಕೆ ಒಬ್ಬನಿಗೆ ಶಿಕ್ಷೆಯಾಗುವುದಿಲ್ಲ. 2001ರಲ್ಲಿ ಆಂಧ್ರಪ್ರದೇಶದ ಕೊಲೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ಚರ್ಚಿಸಿತು. ನಾಯಿ ಕಟಕಟೆ ಹತ್ತಿ ಮಾತಾಡಲಾರದು, ಅದರ ಪರವಾಗಿ ಮನುಷ್ಯನೇ ಹೇಳಬೇಕು, ಒಬ್ಬನ ಪ್ರಾಣ ಮತ್ತು ಸ್ವಾತಂತ್ರ್ಯ ನಾಯಿಯ ಊಹೆಯ ಮೇಲೆ ನಿಲ್ಲಬಾರದು ಎಂಬ ಆಕ್ಷೇಪಗಳನ್ನು ನ್ಯಾಯಾಲಯ ಪರಿಗಣಿಸಿತು. ಇಂಥ ಸಾಕ್ಷ್ಯಕ್ಕೆ ಹೆಚ್ಚಿನ ತೂಕವಿಲ್ಲ, ಆದರೆ ತನಿಖೆಗೆ ಪೊಲೀಸರು ನಾಯಿಯ ನೆರವು ಪಡೆಯಬಹುದು ಎಂಬುದು ಅದರ ನಿಲುವು. ನಾಯಿ ದಾರಿ ತೋರಿಸಬಲ್ಲದು. ಅಪರಾಧ ರುಜುವಾತುಪಡಿಸುವ ಕೆಲಸ ಮನುಷ್ಯರದು.

ಅಂಗಳ ಗುಡಿಸಬೇಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಒಂಟಿ ಮನೆಗಳು ಹೆಚ್ಚು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕಳವಾದರೆ ಮೊದಲು ಏನಾಗುತ್ತದೆ? ಸುದ್ದಿ ಕೇಳಿದ ನೆಂಟರು, ನೆರೆಯವರೆಲ್ಲ ಬಂದು ಅಂಗಳ ತುಳಿಯುತ್ತಾರೆ. ಕಳ್ಳ ಬಿಟ್ಟುಹೋದ ಟವೆಲ್ಲನ್ನು ಹತ್ತು ಜನ ಎತ್ತಿ ನೋಡುತ್ತಾರೆ. ಯಾರೋ ಹಿಡಿ ತಂದು ಗುಡಿಸಿಯೂ ಬಿಡುತ್ತಾರೆ. ಪೊಲೀಸ್ ನಾಯಿ ಬರುವ ಹೊತ್ತಿಗೆ ಅಲ್ಲಿರುವುದು ಊರವರೆಲ್ಲರ ವಾಸನೆ.

ಹಾಗಾಗಿ ಮಕ್ಕಳು ಮನೆಯಲ್ಲಿ ನೆನಪಿಸಬೇಕಾದ ಮಾತುಗಳು ಮೂರೇ: ಯಾವುದನ್ನೂ ಮುಟ್ಟಬೇಡಿ, ಓಡಾಡಬೇಡಿ, ಗುಡಿಸಬೇಡಿ. ತಡಮಾಡದೆ ಠಾಣೆಗೆ ತಿಳಿಸಿ. ನಾಯಿ ಬಂದಾಗ ಅದನ್ನು ಮುದ್ದಿಸಲು, ಕೂಗಿ ಕರೆಯಲು ಹೋಗಬೇಡಿ. ಕೆಲಸದಲ್ಲಿರುವ ನಾಯಿಗೆ ಒಂದೇ ದನಿ ಕೇಳಬೇಕು.

ಮತ್ತೊಂದು ತುಂಗಾ

ಪೊಲೀಸ್ ನಾಯಿ ಸತ್ತಾಗ ಇಲಾಖೆಯವರು ಹಾರ ಹಾಕಿ, ಗೌರವದಿಂದ ಮಣ್ಣುಮಾಡುವ ವಾಡಿಕೆಯಿದೆ. ಆಮೇಲೆ ಹ್ಯಾಂಡ್ಲರ್‌ಗೆ ಉಳಿಯುವುದು ಖಾಲಿ ಗೂಡು, ಹಗ್ಗ, ತಟ್ಟೆ. ಆದರೂ ಕೆಲವೇ ದಿನಗಳಲ್ಲಿ ಇನ್ನೊಂದು ಮರಿಗೆ ಮೊದಲ ಪಾಠ ಹೇಳಲು ಅವರು ಸಿದ್ಧರಾಗಬೇಕು.

ದಾವಣಗೆರೆಯ ಶ್ವಾನದಳಕ್ಕೂ ಹೊಸ ನಾಯಿ ಬಂತು. ಅದಕ್ಕೆ ತುಂಗಾ-2 ಎಂದೇ ಹೆಸರಿಟ್ಟರು. 2024ರ ಜುಲೈನಲ್ಲಿ ಸಂತೇಬೆನ್ನೂರು ಕಡೆ ಒಂದು ಕೊಲೆಯಾದಾಗ, ಮಳೆಯ ರಾತ್ರಿಯಲ್ಲಿ ಅದು ಸುಮಾರು 8 ಕಿಲೋಮೀಟರ್ ಸಾಗಿ ಒಂದು ಮನೆಯೆದುರು ನಿಂತಿತು. ಒಳಗಿನಿಂದ ಹೆಂಗಸಿನ ಚೀರಾಟ ಕೇಳುತ್ತಿತ್ತು. ಪೊಲೀಸರು ಒಳನುಗ್ಗಿ ಆಕೆಯನ್ನು ಉಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಅದೇ ರಾತ್ರಿ ಎರಡನೆಯ ಕೊಲೆಯೂ ಆಗುತ್ತಿತ್ತೇನೋ.

ಮಳೆಯಲ್ಲಿ ನಾಯಿ ದಾರಿ ಬಿಡಲಿಲ್ಲ, ಅದರ ಜೊತೆಗಿದ್ದವರು ನಾಯಿಯ ಮೇಲಿನ ನಂಬಿಕೆ ಬಿಡಲಿಲ್ಲ. ಆ ಹೆಂಗಸಿನ ಜೀವ ಉಳಿದದ್ದು ಎರಡರಿಂದಲೂ.