ಸತ್ತ ಮಂಗ, ಥರ್ಮಾಕೋಲ್ ಡಬ್ಬಿ ಮತ್ತು ವೈರಸ್

ಏಪ್ರಿಲ್‌ನಲ್ಲಿ ನಮ್ಮ ಗುಂಜಹಳ್ಳಿ ಕಡೆ ಬೆಳಿಗ್ಗೆ ಕಾಸಿದ ಹಾಲು ಹೊರಗಿಟ್ರೆ ಸಂಜೆಗೆ ಒಡೆದುಹೋಗ್ತದ. ಸತ್ತ ದೇಹದ ಕಥೆಯೂ ಹೆಚ್ಚುಕಡಿಮೆ ಇದೇ. ಉಸಿರು ನಿಂತ ಮೇಲೆ ಜೀವಕೋಶಗಳನ್ನು ಅವುಗಳದೇ ಕಿಣ್ವಗಳು ಕರಗಿಸುತ್ತವೆ, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಒಳಗಿದ್ದ ವೈರಸ್ ಹಾಳಾಗುತ್ತಾ ಹೋಗುತ್ತದೆ. ಆಮೇಲೆ ಎಂಥ ದೊಡ್ಡ ಲ್ಯಾಬಿಗೆ ಕಳಿಸಿದರೂ ‘ನೆಗೆಟಿವ್’ ಅಂತ ಬರಬಹುದು. ಅಂದ್ರೆ ರೋಗ ಇರಲಿಲ್ಲ ಅಂತಲ್ಲ, ಸ್ಯಾಂಪಲ್ ದಾರಿಯಲ್ಲೇ ಕೆಟ್ಟಿತು ಅಂತ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿದ್ದವು, ಜನರಿಗೂ ಜ್ವರ. ಹಳದಿ ಜ್ವರ ಭಾರತಕ್ಕೆ ಬಂತೇ ಅನ್ನೋ ಭಯ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗಿನ ಎನ್‌ಐವಿ) ಸತ್ತ ಮಂಗಗಳ ಅಂಗಾಂಶ ತೆಗೆದು, ಇಲಿಮರಿಗಳಿಗೆ ಚುಚ್ಚಿ, ವೈರಸ್ ಬೇರ್ಪಡಿಸಿದರು. ಅದು ಹಳದಿ ಜ್ವರವಲ್ಲ, ಉಣ್ಣೆಯಿಂದ (ಮಲೆನಾಡಿನ ಮಾತಲ್ಲಿ ಉಣುಗು) ಹರಡುವ ಹೊಸ ವೈರಸ್. ಮಂಗನ ಕಾಯಿಲೆ ಗೊತ್ತಾಗಿದ್ದು ಹೀಗೆ. ಸ್ಯಾಂಪಲ್ ಕೊಳೆತಿದ್ದರೆ?

ಈಗ ನಮ್ಮ ಸಿಲೆಬಸ್ಸಿಗೆ ಬರೋಣ. ಒಂದೇ ಅಂಗದಿಂದ ಎರಡು ತುಂಡು ತೆಗೀತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಲಿಕ್ಕೆ ಒಂದು ತೆಳುವಾದ ತುಂಡು, ಅದರ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ. ಫಾರ್ಮಲಿನ್ ವೈರಸ್ಸನ್ನು ಕೊಲ್ಲುತ್ತದೆ, ಹಾಗಾಗಿ ವೈರಸ್ ಬೆಳೆಸಲು ಬೇಕಾದ ಇನ್ನೊಂದು ತುಂಡು ಅದಿಲ್ಲದೆ, ತಣ್ಣಗೆ. ಎಲ್ಲವನ್ನೂ ಒಂದೇ ಫಾರ್ಮಲಿನ್ ಡಬ್ಬಿಗೆ ಹಾಕಿಬಿಡೋದು ಈ ಕೆಲಸದ ದೊಡ್ಡ ತಪ್ಪು. ಒಂದೆರಡು ದಿನದಲ್ಲಿ ಲ್ಯಾಬ್ ತಲುಪುವುದಾದರೆ 4 ಡಿಗ್ರಿ ಐಸ್‌ಪ್ಯಾಕ್ ಸಾಕು, ತಡವಾದರೆ ಮೈನಸ್ 70 ಬೇಕು. ಮನೆ ಫ್ರಿಜ್ಜಿನ ಫ್ರೀಜರ್ ನಂಬಬೇಡಿ: ಅಲ್ಲಿ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ‘ಫ್ರಾಸ್ಟ್ ಫ್ರೀ’ ಆದರೆ ಮಂಜು ಕರಗಿಸಲು ಹೀಟರ್ ಆಗಾಗ ಹೊತ್ತಿಕೊಳ್ಳುತ್ತದೆ. ನಮಗೆ ಅನುಕೂಲ, ವೈರಸ್ಸಿಗೆ ಅಲ್ಲ!

ಡ್ರೈ ಐಸ್ ಮೈನಸ್ 78.5 ಡಿಗ್ರಿ. ಲೆಕ್ಕ ಹಾಕಿ ನೋಡಿ: 1 ಕೆಜಿ ಅಂದ್ರೆ ಸುಮಾರು 22.7 ಮೋಲ್, ಕೋಣೆಯ ತಾಪದಲ್ಲಿ 500 ಲೀಟರಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್. ಗಾಳಿ ಹೋಗದಂತೆ ಮುಚ್ಚಿದ ಡಬ್ಬಿ ಬಾಂಬೇ ಸರಿ. ಆದ್ದರಿಂದ ಹೊರಡಬ್ಬಿಯಲ್ಲಿ ಅನಿಲ ಹೋಗಲು ದಾರಿ ಇರಬೇಕು, ಒಳಗಿನ ಟ್ಯೂಬಿನ ಮುಚ್ಚಳ ಮಾತ್ರ ಬಿಗಿ ಇರಬೇಕು. ಅನಿಲ ಟ್ಯೂಬಿಗೆ ನುಗ್ಗಿದರೆ ದ್ರವ ಆಮ್ಲೀಯವಾಗಿ ವೈರಸ್ ಕೆಡುತ್ತದೆ. ಟ್ಯೂಬ್, ಸುತ್ತ ಹೀರುವ ಹತ್ತಿ, ಸೋರದ ಎರಡನೇ ಡಬ್ಬಿ, ಗಟ್ಟಿ ಹೊರಪೆಟ್ಟಿಗೆ: ಪ್ಯಾಕಿಂಗ್ ಮೂರು ಪದರ.

ಕತ್ತರಿಸುವವರ ಸುರಕ್ಷೆ ಇನ್ನೂ ಕಷ್ಟದ್ದು. ಮಂಗನ ಕಾಯಿಲೆಯ ವೈರಸ್ ಲ್ಯಾಬ್ ಸಿಬ್ಬಂದಿಗೂ ತಗಲಿದ ಉದಾಹರಣೆಗಳಿವೆ. ಎರಡು ಜೊತೆ ಗ್ಲೌಸ್, ಎನ್-95 ಮಾಸ್ಕ್, ಕನ್ನಡಕ, ಗೌನು ಬೇಕು. ತಲೆಬುರುಡೆಗೆ ವಿದ್ಯುತ್ ಗರಗಸ ಹಚ್ಚಿದರೆ ಸೂಕ್ಷ್ಮ ಹನಿಗಳು ಗಾಳಿಗೆ ಏಳುತ್ತವೆ, ಕೈಗರಗಸ ಎಷ್ಟೋ ವಾಸಿ. ಅಂಗಕ್ಕೊಂದು ಹೊಸ ಬ್ಲೇಡ್, ಡಬ್ಬಿಯ ಹೊರಗೆ ಬ್ಲೀಚ್ ಒರೆಸು, ಒದ್ದೆಯಾದರೂ ಅಳಿಸದ ಶಾಯಿಯಲ್ಲಿ ದಿನಾಂಕ, ಜಾಗ, ಅಂಗದ ಹೆಸರು.

ಸೆಮಿಸ್ಟರ್ ರಜೆಯಲ್ಲಿ ಮಲೆನಾಡಿಗೆ ಟ್ರೆಕ್ಕಿಂಗ್ ಹೋಗೋರೇ, ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡ್ರಿ. ದೇಹ ತಣ್ಣಗಾದಂತೆ ಉಣ್ಣೆಗಳು ಕೆಳಗಿಳಿದು ಸುತ್ತ ಕಾಯ್ತಿರ್ತಾವ. ಲೊಕೇಶನ್ ಗುರುತು ಹಾಕಿಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅವತ್ತೇ ತಿಳಿಸ್ರಿ. ಮರುದಿನಕ್ಕೆ ಸ್ಯಾಂಪಲ್ ತೆಗೆಯೋಕೆ ಏನೂ ಉಳಿದಿರಲಿಕ್ಕಿಲ್ಲ.