ಮುಟ್ಟು ನಿಲ್ಲುವ ವಯಸ್ಸು: ಮನೆಯವರೂ ತಿಳಿದಿರಲಿ



ಕಳೆದ ಚಳಿಗಾಲದಲ್ಲಿ ಕೋಟನೂರಿನ ನಮ್ಮ ಮನೆಯಲ್ಲಿ ಎಲ್ಲರೂ ರಜಾಯಿ ಹೊದ್ದು ಮಲಗಿದ್ದರೆ ಅಮ್ಮಿ ಮಾತ್ರ ನಡುರಾತ್ರಿ ಎದ್ದು ಫ್ಯಾನ್ ಹಾಕುತ್ತಿದ್ದರು. ಮೈಯೆಲ್ಲ ಬೆವರು. "ಚಳಿಯಲ್ಲಿ ಫ್ಯಾನ್ ಯಾಕೆ?" ಎಂದು ನಾವು ಗೊಣಗುತ್ತಿದ್ದೆವು. ಕಮಲಾಪುರದಿಂದ ಬಂದ ಖಾಲಾ, "ಗರ್ಭಚೀಲ ತೆಗೆಸಿಬಿಡು, ಎಲ್ಲ ಸರಿಹೋಗುತ್ತದೆ" ಎಂದರು. ಅಮ್ಮಿಯ ಜೊತೆ ಡಾಕ್ಟರ್ ಹತ್ತಿರ ಹೋದಾಗಲೇ ನನಗೆ ವಿಷಯ ತಿಳಿದದ್ದು. ನಾನು ಕಾಮರ್ಸ್ ವಿದ್ಯಾರ್ಥಿನಿ, ಆದರೂ ಇದು ಎಲ್ಲರಿಗೂ ಗೊತ್ತಿರಬೇಕು ಎಂದು ಬರೆಯುತ್ತಿದ್ದೇನೆ.

ಇದು ರೋಗವಲ್ಲ, ಋತುಬಂಧ. ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಅಂಡಾಶಯಗಳಲ್ಲಿ ಈಸ್ಟ್ರೋಜೆನ್ ಹಾರ್ಮೋನ್ ಕಡಿಮೆಯಾಗುತ್ತದೆ. ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ಲೆಕ್ಕ. ಹಾರ್ಮೋನ್ ಇಳಿದಾಗ ಮೈಯ ಬಿಸಿಯನ್ನು ನೋಡಿಕೊಳ್ಳುವ ಮೆದುಳಿನ ಭಾಗ ಸ್ವಲ್ಪ ಬಿಸಿಯಾದರೂ ಬೆವರಿಸುತ್ತದೆ. ನಿದ್ದೆ ಬಾರದಿರುವುದು, ಸಿಟ್ಟು, ಮರೆವು, ಕೀಲುನೋವು ಕೂಡ ಬರಬಹುದು.

ಖಾಲಾ ಹೇಳಿದ್ದು ಪ್ರೀತಿಯಿಂದಲೇ, ಆದರೆ ಸರಿಯಲ್ಲ. ಈಸ್ಟ್ರೋಜೆನ್ ಬರುವುದು ಮುಖ್ಯವಾಗಿ ಅಂಡಾಶಯದಿಂದ. ಗರ್ಭಚೀಲ ತೆಗೆಸಿದರೆ ಮುಟ್ಟು ನಿಲ್ಲುತ್ತದೆ, ಈ ಬೆವರು ನಿಲ್ಲುವುದಿಲ್ಲ. ಅಂಡಾಶಯವನ್ನೂ ತೆಗೆದರೆ ತೊಂದರೆಗಳು ಒಮ್ಮೆಲೇ ಜೋರಾಗಿ ಬರುತ್ತವೆ, ಮೂಳೆಯೂ ಬೇಗ ಸವೆಯುತ್ತದೆ. ನಮ್ಮ ಕಲಬುರಗಿ ಜಿಲ್ಲೆಯಲ್ಲೇ ತಾಂಡಾಗಳ ಮತ್ತು ದಲಿತ ಕುಟುಂಬಗಳ ಅನೇಕ ಹೆಂಗಸರಿಗೆ ಅಗತ್ಯವಿಲ್ಲದಿದ್ದರೂ ಗರ್ಭಚೀಲ ತೆಗೆದಿದ್ದಾರೆಂಬ ದೂರುಗಳು 2015ರಲ್ಲಿ ಸುದ್ದಿಯಾಗಿದ್ದವು. ಇಂಥ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿ ಪಾಲಿಸಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಿತು. ಯಾರಾದರೂ ಆಪರೇಷನ್ ಹೇಳಿದರೆ "ಯಾಕೆ ಬೇಕು? ಬೇರೆ ಚಿಕಿತ್ಸೆ ಇದೆಯೇ?" ಎಂದು ಕೇಳಿ, ಇನ್ನೊಬ್ಬ ಡಾಕ್ಟರಿಗೂ ತೋರಿಸಿ.

ಹಾಗಾದರೆ ಏನು ಮಾಡಬಹುದು?

ತೆಳು ಹತ್ತಿ ಬಟ್ಟೆ, ಹತ್ತಿರದಲ್ಲೇ ತಣ್ಣೀರು. ಚಹಾ, ಖಾರದಿಂದ ಬೆವರು ಹೆಚ್ಚಾದರೆ ಅವನ್ನು ಕಡಿಮೆ ಮಾಡಬೇಕು. ದಿನಾ ನಡಿಗೆ ಬೇಕು. ಮೂಳೆಗೆ ಹಾಲು, ಮೊಸರು, ರಾಗಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಳ್ಳೆಯದು. ತೊಂದರೆ ಹೆಚ್ಚಿದ್ದರೆ ಹಾರ್ಮೋನ್ ಚಿಕಿತ್ಸೆ ಇದೆ. ಆದರೆ ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಅಂಥವರಿಗೆ ಬೇರೆ ಔಷಧಿಗಳಿವೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಾವೇ ಮಾತ್ರೆ ನುಂಗಬಾರದು.

ಒಂದು ಮಾತು ಮರೆಯಬೇಡಿ: ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕೂಡಲೇ ಡಾಕ್ಟರಿಗೆ ತೋರಿಸಬೇಕು.

ಅಮ್ಮಂದಿರು ಇದನ್ನು ತಾವಾಗಿ ಹೇಳುವುದಿಲ್ಲ. ನಾವೇ ಕೇಳಬೇಕು, ಗಂಡುಮಕ್ಕಳೂ ಕೇಳಬೇಕು. ನಮ್ಮ ಮನೆಯಲ್ಲಿ ಈಗ ರಾತ್ರಿ ಫ್ಯಾನ್ ತಿರುಗಿದರೆ ಯಾರೂ ಗೊಣಗುವುದಿಲ್ಲ, ಇನ್ನೊಂದು ರಜಾಯಿ ಹೊದೆಯುತ್ತೇವೆ.